ಉಗ್ರಾಣದಿಂದ ಸರಕನ್ನು ಆಯ್ದು ತೆಗೆಯುವ ಕ್ರಮವೂ ಅದಕ್ಕೆ ಉಪಯೋಗಿಸುವ ಯಂತ್ರಗಳೂ

ಧಾನ್ಯವನ್ನು ಎಷ್ಟು ಒಣಗಿಸಿ ಇಡಬೇಕು, ಚೀಲಗಳನ್ನು ನೆಲದಿಂದ ಎಷ್ಟು ಮೇಲೆ ಅಟ್ಟಿ ಕಟ್ಟಬೇಕು, ಹುಳುಗಳಿಂದ ಹೇಗೆ ಕಾಪಾಡಬೇಕು ಎಂಬ ಸಂಗತಿಗಳು ರೈತರಿಗೂ ಸಹಕಾರ ಸಂಘಗಳನ್ನು ನಡೆಸುವವರಿಗೂ ಈಗ ಬಹುಮಟ್ಟಿಗೆ ತಿಳಿದೇ ಇವೆ. ಆದರೆ ಒಮ್ಮೆ ಒಳಗೆ ಹೋದ ಸರಕನ್ನು ಯಾವ ಕ್ರಮದಿಂದ ಹೊರಕ್ಕೆ ತೆಗೆಯಬೇಕೆಂಬ ವಿಷಯಕ್ಕೆ ಲಕ್ಷ್ಯ ಕೊಡುವವರು ವಿರಳ. ಉಗ್ರಾಣದಲ್ಲಿ ಉಂಟಾಗುವ ನಷ್ಟದ ಒಂದು ಪಾಲು ಇಡುವಾಗ ಆಗುವುದಲ್ಲ, ತೆಗೆಯುವಾಗ ಆಗುವುದು. ದೊಡ್ಡ ಊರುಗಳ ಉಗ್ರಾಣಗಳಲ್ಲಿ ಈ ಕೆಲಸಕ್ಕಾಗಿಯೇ ಆರ್ಡರು ಪಿಕ್ಕರ್ ಎಂಬ ಯಂತ್ರಗಳು ಬಳಕೆಯಲ್ಲಿವೆ. ಅವು ಏನು ಮಾಡುತ್ತವೆ, ಏನನ್ನು ಮಾಡಲಾರವು, ಕರಾವಳಿಯ ಚಿಕ್ಕ ಗೋದಾಮುಗಳಿಗೆ ಅವುಗಳಿಂದ ಎಷ್ಟು ಪ್ರಯೋಜನವೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಉಡುಪಿ ಜಿಲ್ಲೆಯ ಕಡಲಂಚಿನಲ್ಲಿ, ಕುಂದಾಪುರಕ್ಕೆ ಉತ್ತರವಾಗಿ ರಾಷ್ಟ್ರೀಯ ಹೆದ್ದಾರಿ ೬೬ರ ಮೇಲಿರುವ ತ್ರಾಸಿಯ ಸುತ್ತಿನ ಗ್ರಾಮಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇಲ್ಲಿ ಮಳೆಗಾಲದ ಕಾರ್ತಿ ಬೆಳೆಯೇ ಮುಖ್ಯವಾದುದು. ಮೇ ತಿಂಗಳ ಕೊನೆಯಲ್ಲಿ ಮೊದಲ ಮಳೆ ಬೀಳುತ್ತಲೇ ಬಿತ್ತನೆಯ ಭತ್ತಕ್ಕೂ ಗೊಬ್ಬರಕ್ಕೂ ರೈತರು ಒಟ್ಟಿಗೇ ಬರುವರು. ಗೋದಾಮಿನಲ್ಲಿ ಎಂಒ-೪ ತಳಿಯ ಬಿತ್ತನೆ ಚೀಲಗಳು ಈ ವರ್ಷದವೂ ಇವೆ, ಹೋದ ವರ್ಷ ಮಾರಾಟವಾಗದೆ ಮಿಕ್ಕವೂ ಹತ್ತು ಇವೆ ಎಂದಿಟ್ಟುಕೊಳ್ಳಬಹುದು. ಎರಡೂ ಚೀಲಗಳ ಬಣ್ಣ ಒಂದೇ, ತೂಕ ಒಂದೇ, ಮೇಲಿನ ಅಚ್ಚು ಒಂದೇ. ಭೇದವಿರುವುದು ಬಾಯಿಗೆ ಹೊಲಿದ ಪ್ರಮಾಣಪತ್ರದ ಚೀಟಿಯಲ್ಲಿ ಮಾತ್ರ. ಹೊರಗೆ ಇಪ್ಪತ್ತು ಮಂದಿ ಕಾಯುತ್ತಿರುವಾಗ ಒಳಗಿನ ಆಳು ಕೈಗೆ ಸಿಕ್ಕಿದ ಚೀಲವನ್ನು ಎತ್ತಿಕೊಡುವನಲ್ಲದೆ ಚೀಟಿಯನ್ನು ಓದುತ್ತ ನಿಲ್ಲುವುದಿಲ್ಲ.

ಪ್ರಮಾಣಿತ ಬೀಜಕ್ಕೆ ಪರೀಕ್ಷೆಯ ದಿನದಿಂದ ೯ ತಿಂಗಳ ಅವಧಿಯಿರುತ್ತದೆ. ಮರುಪರೀಕ್ಷೆಯಲ್ಲಿ ಉತ್ತೀರ್ಣವಾದರೆ ಮಾತ್ರ ಇನ್ನು ೬ ತಿಂಗಳಿಗೆ ಮೀರದಂತೆ ಅದನ್ನು ಮುಂದುವರಿಸಬಹುದು. ಭತ್ತದ ಬೀಜವು ನೂರಕ್ಕೆ ೮೦ಕ್ಕೆ ಕಡಮೆಯಿಲ್ಲದಂತೆ ಮೊಳೆಯಬೇಕು, ಅದರ ತೇವ ನೂರಕ್ಕೆ ೧೩ನ್ನು ಮೀರಿರಬಾರದು. ಒಂದು ಮಳೆಗಾಲವನ್ನು ಕಡಲ ಗಾಳಿಯಲ್ಲಿ ಕಳೆದ ಚೀಲದ ಬೀಜಕ್ಕೆ ಈ ಎರಡು ಗುಣಗಳೂ ಉಳಿದಿರುವುದೆಂದು ಯಾರೂ ಹೇಳಲಾರರು. ಅಂಥ ಚೀಲವನ್ನು ಕೊಂಡುಹೋದ ರೈತನಿಗೆ ಸಸಿಮಡಿ ತೆಳ್ಳಗಾಯಿತೆಂದು ತಿಳಿಯುವಷ್ಟರಲ್ಲಿ ಹತ್ತು ಹನ್ನೆರಡು ದಿನಗಳು ಕಳೆದಿರುವುವು. ಮತ್ತೆ ಬೀಜ ತಂದು, ಮಡಿ ಮಾಡಿ, ಸಸಿ ಎಬ್ಬಿಸುವ ಹೊತ್ತಿಗೆ ನೆರೆಯವನ ಗದ್ದೆಯಲ್ಲಿ ನಾಟಿ ಮುಗಿದಿರುವುದು, ನೆಟ್ಟಿಯ ಆಳುಗಳೂ ಸಿಗುವುದಿಲ್ಲ. ಬೀಜದ ಬೆಲೆಯನ್ನು ಸಂಘವು ಹಿಂದಕ್ಕೆ ಕೊಡಬಹುದು. ಹೋದ ಹದವನ್ನು ಕೊಡಲಾರದು. ಒಂದು ಚೀಲವನ್ನು ತಪ್ಪಿ ಎತ್ತಿಕೊಟ್ಟುದರ ಫಲ ಇಷ್ಟು ದೂರ ಹೋಗುವುದು.

ಹಿಂದಿನ ಕ್ರಮ

ಕರಾವಳಿಯ ಮನೆಗಳಲ್ಲಿ ಈ ತೊಡಕು ಹಿಂದೆ ಇರಲಿಲ್ಲ. ಭತ್ತವನ್ನು ಅಂಗಳದ ತಿರಿಯಲ್ಲಿ ತುಂಬುತ್ತಿದ್ದರು. ಬೈಹುಲ್ಲನ್ನು ಹಾಸಿ, ಹುಲ್ಲಿನ ಹಗ್ಗವನ್ನು ಸುತ್ತುತ್ತ ಸುತ್ತುತ್ತ ಎತ್ತರಿಸಿದ ಈ ತಿರಿಯನ್ನು ಮೇಲಿನಿಂದಲೇ ಬಿಚ್ಚಬೇಕು. ಆದುದರಿಂದ ಕೊನೆಗೆ ಹಾಕಿದ ಭತ್ತವೇ ಮೊದಲು ಹೊರಗೆ ಬರುವುದು. ಹಾಗಿದ್ದರೂ ಹಾನಿಯಿರಲಿಲ್ಲ, ಏಕೆಂದರೆ ಒಂದು ತಿರಿಯಲ್ಲಿದ್ದುದು ಒಂದೇ ಬೆಳೆಯ ಭತ್ತ. ಅಕ್ಕಿಯನ್ನು ಮುಡಿ ಕಟ್ಟಿ ಇಡುತ್ತಿದ್ದರು. ೧೪ ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಎಂದರೆ ೪೨ ಸೇರಿಗೆ ಒಂದು ಮುಡಿ ಎಂಬುದು ಸಾಮಾನ್ಯವಾಗಿ ನಡೆದುಬಂದ ಲೆಕ್ಕ. ೧೯೭೪ರಲ್ಲಿ ಗೇಣಿ ಪದ್ಧತಿ ಕೊನೆಗಾಣುವವರೆಗೆ ಗೇಣಿಯನ್ನೂ ಮುಡಿಯ ಲೆಕ್ಕದಲ್ಲೇ ಅಳೆಯುತ್ತಿದ್ದುದರಿಂದ ದೊಡ್ಡ ಮನೆಗಳ ಅಟ್ಟದ ಮೇಲೆ ಮುಡಿಗಳು ಸಾಲುಸಾಲಾಗಿ ಇರುತ್ತಿದ್ದುವು. ಯಾವ ಸಾಲು ಕಾರ್ತಿಯದು, ಯಾವುದು ಸುಗ್ಗಿಯದು ಎಂಬುದು ಮನೆಯ ಯಜಮಾನರಿಗೆ ಬಾಯಿಪಾಠವಾಗಿರುತ್ತಿತ್ತು. ಹೊರತೆಗೆಯುವ ಕ್ರಮವನ್ನು ಒಬ್ಬರ ನೆನಪೇ ನಡೆಸುತ್ತಿತ್ತು.

ಸಂಘದ ಗೋದಾಮಿಗೆ ಅಂಥ ಒಬ್ಬ ಯಜಮಾನನಿಲ್ಲ. ಅಲ್ಲಿ ಬಿತ್ತನೆಯೂ ಉಂಟು, ಗೊಬ್ಬರವೂ ಉಂಟು, ಪಡಿತರದ ಅಕ್ಕಿಯೂ ಉಂಟು. ಗುಮಾಸ್ತರು ಬದಲಾಗುವರು, ಆಳುಗಳು ದಿನಕ್ಕೊಬ್ಬರು. ೧೯೫೭ರಲ್ಲಿ ಕೇಂದ್ರದ ಉಗ್ರಾಣ ನಿಗಮವೂ ನಮ್ಮ ರಾಜ್ಯದ ಉಗ್ರಾಣ ನಿಗಮವೂ ಸ್ಥಾಪಿತವಾದ ಮೇಲೆ ಪರರ ಸರಕನ್ನು ಬಾಡಿಗೆಗೆ ಇಟ್ಟುಕೊಂಡು ರಸೀದಿ ಕೊಡುವ ಪದ್ಧತಿಯೂ ಬಲವಾಯಿತು; ೨೦೦೭ರ ಉಗ್ರಾಣ ಕಾಯಿದೆಯಿಂದ ಅಂಥ ರಸೀದಿಯ ಮೇಲೆ ಬ್ಯಾಂಕಿನಲ್ಲಿ ಸಾಲ ಪಡೆಯುವುದೂ ಸುಲಭವಾಯಿತು. ರಸೀದಿಯಲ್ಲಿ ಬರೆದ ದರ್ಜೆಯ ಸರಕೇ ಹೊರಗೆ ಬರದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ಆದುದರಿಂದ ನೆನಪಿನ ಸ್ಥಾನಕ್ಕೆ ಬರವಣಿಗೆಯು ಬರಬೇಕಾಗುತ್ತದೆ.

ಆಯುವ ಕೆಲಸದ ಅಂಗಗಳು

ಇಂಡೆಂಟಿನಲ್ಲಿ ಬರೆದ ಸರಕನ್ನು ಅದು ಇರುವ ಸ್ಥಳದಿಂದ ತೆಗೆದು ಬಾಗಿಲಿಗೆ ತರುವುದನ್ನೇ ಆಯುವುದು ಎಂದು ಇಲ್ಲಿ ಹೇಳಿದೆ. ತೆಂಗಿನ ಮರ ಹತ್ತಿದವನು ಎಲ್ಲ ಗೊನೆಗಳನ್ನೂ ಕಡಿಯದೆ ಬಲಿತುದನ್ನು ಮಾತ್ರ ನೋಡಿ ಇಳಿಸುವನಷ್ಟೆ. ಉಗ್ರಾಣದ ಆಳಿನ ಕೆಲಸವೂ ಅದೇ ಜಾತಿಯದು. ಅದರಲ್ಲಿ ನಡೆಯುವುದು, ಹುಡುಕುವುದು, ಎತ್ತುವುದು, ಸರಿಯೇ ಎಂದು ಪರೀಕ್ಷಿಸುವುದು ಎಂಬ ನಾಲ್ಕು ಅಂಗಗಳಿವೆ. ಉಗ್ರಾಣವನ್ನು ನಡೆಸುವ ವೆಚ್ಚದಲ್ಲಿ ಅರ್ಧದಷ್ಟು ಈ ಒಂದು ಕೆಲಸಕ್ಕೇ ಹೋಗುವುದೆಂದೂ, ಆಯುವವನ ಹೊತ್ತಿನಲ್ಲಿ ಅರ್ಧದಷ್ಟು ಬರಿಯ ನಡೆದಾಟಕ್ಕೆ ಸಲ್ಲುವುದೆಂದೂ ಈ ವಿಷಯವನ್ನು ಬಲ್ಲವರು ಸಾಮಾನ್ಯವಾಗಿ ಅಂದಾಜು ಮಾಡುವರು.

ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಗೋದಾಮು ೬೦ ಅಡಿ ಉದ್ದ, ೩೦ ಅಡಿ ಅಗಲವಿದ್ದು ಬಾಗಿಲು ಒಂದು ಕೊನೆಯಲ್ಲಿದೆ ಎಂದೂ, ಬಿತ್ತನೆಯ ದಿನಗಳಲ್ಲಿ ದಿನಕ್ಕೆ ೪೦ ರೈತರು ತಲಾ ನಾಲ್ಕು ಬಗೆಯ ಸರಕನ್ನು ಕೇಳುವರೆಂದೂ ಭಾವಿಸಿದರೆ, ಒಂದೊಂದು ಸರಕಿಗೆ ಒಂದೊಂದು ಸಲ ಹೋಗಿಬರುವ ಆಳಿಗೆ ೧೬೦ ಸಲ ಓಡಾಟವಾಗುವುದು. ಸಲಕ್ಕೆ ಸರಾಸರಿ ೮೦ ಅಡಿಯಂತೆ ೧೨,೮೦೦ ಅಡಿ, ಎಂದರೆ ನಾಲ್ಕು ಕಿಲೋಮೀಟರಿಗೆ ಸ್ವಲ್ಪ ಕಡಮೆ. ಅದರಲ್ಲಿ ಅರ್ಧ ದೂರ ತಲೆಯ ಮೇಲೆ ಚೀಲವಿರುತ್ತದೆ. ಯೂರಿಯಾ ಚೀಲವನ್ನು ೨೦೧೮ರಲ್ಲಿ ೫೦ರಿಂದ ೪೫ ಕಿಲೋಗ್ರಾಮಿಗೆ ಇಳಿಸಿದ್ದರೂ ಹೊರುವವನಿಗೆ ಆದ ಹಗುರ ಅಷ್ಟರದೇ. ಗಂಡಾಳೊಬ್ಬನು ಕೈಯಿಂದ ಹೊರುವ ಭಾರ ೫೫ ಕಿಲೋಗ್ರಾಮನ್ನು ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೬೭ರಲ್ಲಿ ಶಿಫಾರಸು ಮಾಡಿತು. ಅದು ಮೇರೆಯೇ ಹೊರತು ದಿನವಿಡೀ ಹೊರಬೇಕಾದ ಅಳತೆಯಲ್ಲ.

ಅದೇ ಆಳು ಒಬ್ಬ ರೈತನ ನಾಲ್ಕು ಸರಕುಗಳನ್ನೂ ಒಂದೇ ಸುತ್ತಿನಲ್ಲಿ ತಂದರೆ, ಸುತ್ತಿಗೆ ೧೨೦ ಅಡಿಯಂತೆ ೪೦ ಸುತ್ತಿಗೆ ೪,೮೦೦ ಅಡಿ ಸಾಕು. ಐವರು ರೈತರ ಇಂಡೆಂಟುಗಳನ್ನು ಕೂಡಿಸಿ ಒಂದೇ ಸುತ್ತಿನಲ್ಲಿ ಆಯ್ದರೆ ಎಂಟೇ ಸುತ್ತು, ೯೬೦ ಅಡಿ. ಆದರೆ ಐವರ ಸರಕು ಸೇರಿ ಏಳೆಂಟು ನೂರು ಕಿಲೋಗ್ರಾಂ ಆಗುವುದರಿಂದ ತಲೆಹೊರೆಯಲ್ಲಿ ಇದು ಸಾಧ್ಯವಿಲ್ಲ. ತಂದ ಮೇಲೆ ಬಾಗಿಲಿನಲ್ಲಿ ಐದು ಪಾಲು ಮಾಡುವ ಕೆಲಸವೂ ಹೊಸದಾಗಿ ಸೇರುವುದು. ಯಂತ್ರದ ಅವಶ್ಯಕತೆಯು ಹುಟ್ಟುವುದು ಈ ಸ್ಥಳದಲ್ಲಿ.

ಯಂತ್ರಗಳ ಬಗೆಗಳು

ಎಲ್ಲಕ್ಕಿಂತ ಸರಳವಾದುದು ಕೈಯಿಂದ ಎಳೆಯುವ ಪ್ಯಾಲೆಟ್ ಗಾಡಿ. ಪ್ಯಾಲೆಟ್ ಎಂದರೆ ಕೆಳಗೆ ಟೊಳ್ಳು ಬಿಟ್ಟು ಹಲಗೆ ಹೊಡೆದ ಮಣೆ. ಗಾಡಿಯ ಎರಡು ಕೋಡುಗಳನ್ನು ಆ ಟೊಳ್ಳಿನೊಳಗೆ ನೂಕಿ ಹಿಡಿಯನ್ನು ನಾಲ್ಕಾರು ಸಲ ಒತ್ತಿದರೆ ಎಣ್ಣೆಯ ಒತ್ತಡದಿಂದ ಮಣೆಯು ನೆಲಬಿಟ್ಟು ಏಳುವುದು. ಎರಡು, ಎರಡೂವರೆ ಟನ್ನು ಭಾರವನ್ನು ಹೊರುವಂತೆ ಇವನ್ನು ಮಾಡಿರುತ್ತಾರೆ. ವಿದ್ಯುತ್ತು ಬೇಡ, ಚಾಲಕನು ಬೇಡ. ಬೇಕಾದುದು ಹೊಂಡವಿಲ್ಲದ ನೆಲ ಮಾತ್ರ. ಮೇಲೆ ಲೆಕ್ಕ ಹಾಕಿದ ಐವರು ರೈತರ ಹೊರೆಗೆ ಇದು ಯಥೇಷ್ಟವಾಗಿ ಸಾಕಾಗುವುದು.

ಇದಕ್ಕೆ ಮೇಲಿನದು ಫೋರ್ಕ್‌ಲಿಫ್ಟ್. ಇದರ ಚಾಲಕನು ಕೆಳಗೇ ಕುಳಿತಿರುತ್ತಾನೆ, ಸರಕು ತುಂಬಿದ ಇಡಿಯ ಮಣೆಯು ಕಂಬದ ಗುಂಟ ಮೇಲೇರುವುದು. ಇಡಿಯ ಮಣೆಯನ್ನು ಇಡುವುದಕ್ಕೂ ಇಳಿಸುವುದಕ್ಕೂ ಇದು ಬಹಳ ಚೆನ್ನ. ಆದರೆ ಮೇಲಿನ ಅಟ್ಟಣೆಯಿಂದ ಎರಡೇ ಪೆಟ್ಟಿಗೆ ಬೇಕಾದರೆ ಇಡಿಯ ಮಣೆಯನ್ನೇ ಇಳಿಸಿ, ಎರಡನ್ನು ತೆಗೆದು, ಮತ್ತೆ ಏರಿಸಬೇಕು. ಈ ದಂಡದ ಕೆಲಸವನ್ನು ತಪ್ಪಿಸುವುದಕ್ಕಾಗಿಯೇ ಆರ್ಡರು ಪಿಕ್ಕರನ್ನು ನಿರ್ಮಿಸಿರುವುದು. ಇದರಲ್ಲಿ ಆಯುವವನು ನಿಲ್ಲುವ ಕಟಕಟೆಯೂ ಕೋಡುಗಳೂ ಕೂಡಿಯೇ ಏರುವುವು. ಅವನು ಬೇಕಾದ ಅಂತಸ್ತಿಗೆ ಹೋಗಿ, ಚೀಟಿಯನ್ನು ಕಣ್ಣೆದುರಿಗೆ ಓದಿ, ಎರಡು ಪೆಟ್ಟಿಗೆಯನ್ನು ಎತ್ತಿ ತನ್ನ ಮಣೆಯ ಮೇಲಿಟ್ಟು, ಮುಂದಿನ ಅಟ್ಟಣೆಗೆ ಸಾಗುವನು. ಕೆಳಮಟ್ಟದಲ್ಲಿ ಮಾತ್ರ ಕೆಲಸ ಮಾಡುವ ಚಿಕ್ಕವೂ ಇವೆ, ಹತ್ತು ಮೀಟರಿನಷ್ಟು ಏರುವ ದೊಡ್ಡವೂ ಇವೆ. ಬ್ಯಾಟರಿಯಿಂದ ನಡೆಯುವುವು, ಮೇಲಿರುವಾಗ ವೇಗವು ತಾನಾಗಿ ಕುಗ್ಗುವಂತೆಯೂ, ಇಕ್ಕಟ್ಟಾದ ಓಣಿಯಲ್ಲಿ ನೆಲದೊಳಗಿನ ತಂತಿಯನ್ನೋ ಪಕ್ಕದ ಹಳಿಯನ್ನೋ ಅನುಸರಿಸಿ ನೇರವಾಗಿ ಹೋಗುವಂತೆಯೂ ಏರ್ಪಾಡಿರುತ್ತದೆ. ಏರುವವನು ಮೈಗೆ ಪಟ್ಟಿಯನ್ನು ಕಟ್ಟಿ ಅದನ್ನು ಯಂತ್ರದ ಕೊಂಡಿಗೆ ಸಿಕ್ಕಿಸಿಕೊಂಡಿರತಕ್ಕದ್ದು. ಫೋರ್ಕ್‌ಲಿಫ್ಟಿನ ಕೋಡಿನ ಮೇಲೆ, ಇಲ್ಲವೆ ಬರಿಯ ಮಣೆಯ ಮೇಲೆ ಆಳನ್ನು ನಿಲ್ಲಿಸಿ ಮೇಲಕ್ಕೆತ್ತುವ ರೂಢಿಯು ಕೆಲವು ಕಡೆ ಕಂಡುಬರುತ್ತಿದೆ. ಹಾಗೆ ಮಾಡಲೇಕೂಡದು; ಎರಡು ಯಂತ್ರಗಳೂ ದೂರದಿಂದ ಒಂದೇ ತೆರನಾಗಿ ಕಂಡರೂ ಒಂದು ಮನುಷ್ಯನಿಗಾಗಿ ಮಾಡಿದುದು, ಇನ್ನೊಂದು ಅಲ್ಲ.

ಇನ್ನೊಂದು ಪದ್ಧತಿಯಲ್ಲಿ ಮನುಷ್ಯನು ಸರಕಿನ ಬಳಿಗೆ ಹೋಗುವುದಿಲ್ಲ, ಸರಕೇ ಅವನ ಬಳಿಗೆ ಬರುವುದು. ಅಮೇರಿಕೆಯಲ್ಲಿ ೨೦೦೩ರಲ್ಲಿ ಪ್ರಾರಂಭವಾದ ಕೀವಾ ಎಂಬ ಕಂಪೆನಿಯು ಮಾಡಿದ ಗಿಡ್ಡ ಗಾಡಿಗಳು ಕಪಾಟಿನ ಅಡಿಗೆ ನುಗ್ಗಿ ಅದನ್ನು ಎತ್ತಿಕೊಂಡು ಆಯುವವನ ಮುಂದೆ ತಂದು ನಿಲ್ಲಿಸುತ್ತಿದ್ದುವು. ೨೦೧೨ರಲ್ಲಿ ಅಮೆಜಾನ್ ಕಂಪೆನಿಯು ಆ ಸಂಸ್ಥೆಯನ್ನೇ ಕೊಂಡಿತು. ಬೆಂಗಳೂರಿನಲ್ಲಿ ೨೦೧೯ರಲ್ಲಿ ಫ್ಲಿಪ್‌ಕಾರ್ಟ್ ಕಂಪೆನಿಯು ಕಟ್ಟುಗಳನ್ನು ಊರುವಾರು ವಿಂಗಡಿಸಲು ಇಂಥ ಗಾಡಿಗಳನ್ನು ಬಳಕೆಗೆ ತಂದಿತು. ಸಾವಿರಾರು ಬಗೆಯ ಚಿಕ್ಕ ಸರಕು ಹಗಲಿರುಳು ಹೊರಗೆ ಹೋಗುವ ಸ್ಥಳಕ್ಕೆ ಇವು ತಕ್ಕುವು. ಹತ್ತಿಪ್ಪತ್ತು ಬಗೆಯ ಭಾರವಾದ ಚೀಲಗಳನ್ನು ವರ್ಷಕ್ಕೆ ಎರಡು ಋತುಗಳಲ್ಲಿ ಕೊಡುವ ಸಂಘಕ್ಕೆ ಇವುಗಳಿಂದ ಏನೂ ಆಗಬೇಕಾದುದಿಲ್ಲ.

ಗೇರುಬೀಜದ ಕಾರ್ಖಾನೆಯ ಉದಾಹರಣೆ

ಕುಂದಾಪುರ, ಬೈಂದೂರು ಕಡೆಗಳಲ್ಲಿ ಯಂತ್ರದ ಆಯ್ಕೆಯು ನಿಜವಾಗಿ ಉಪಯುಕ್ತವಾಗಬಲ್ಲ ಸ್ಥಳವೆಂದರೆ ಗೇರುಬೀಜದ ಕಾರ್ಖಾನೆಗಳ ಉಗ್ರಾಣ. ಗೇರುತಿರುಳಿಗೆ ದರ್ಜೆಗಳು ಅನೇಕ. ಡಬ್ಲ್ಯೂ ೩೨೦ ಎಂದರೆ ಒಂದು ಪೌಂಡಿಗೆ ೩೦೦ರಿಂದ ೩೨೦ ಇಡಿ ತಿರುಳು ತೂಗುವ ದರ್ಜೆ. ಡಬ್ಲ್ಯೂ ೧೮೦ ಅದಕ್ಕಿಂತ ಬಹಳ ದಪ್ಪ, ಬೆಲೆಯೂ ಹೆಚ್ಚು. ಎಲ್ಲವನ್ನೂ ೨೫ ಪೌಂಡಿನ, ಎಂದರೆ ೧೧.೩೪ ಕಿಲೋಗ್ರಾಮಿನ ಡಬ್ಬಿಗಳಲ್ಲೋ ಚೀಲಗಳಲ್ಲೋ ಗಾಳಿಯಾಡದಂತೆ ತುಂಬಿ, ಎರಡೆರಡನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಇಡುವರು. ಹೊರಗಿನಿಂದ ನೋಡಿದರೆ ಎಲ್ಲ ಪೆಟ್ಟಿಗೆಗಳೂ ಒಂದೇ. ಒಳಗಿರುವುದೇನೆಂದು ತೆರೆದು ನೋಡುವಂತಿಲ್ಲವಾದುದರಿಂದ ಚೀಟಿಯನ್ನೇ ನಂಬಬೇಕು.

೨೦ ಅಡಿಯ ಒಂದು ಕಂಟೈನರಿಗೆ ಇಂಥ ೭೦೦ ಪೆಟ್ಟಿಗೆ, ಒಟ್ಟು ೧೫,೮೭೬ ಕಿಲೋಗ್ರಾಂ ತಿರುಳು ಹಿಡಿಸುವುದು. ಆಳು ಎರಡೆರಡು ಪೆಟ್ಟಿಗೆ ಹೊತ್ತರೆ ೩೫೦ ಸಲ ಹೋಗಿಬರಬೇಕು. ಮಣೆಗೆ ೪೦ ಪೆಟ್ಟಿಗೆಯಂತೆ ಪ್ಯಾಲೆಟ್ ಗಾಡಿಯಲ್ಲಿ ತಂದರೆ ೧೮ ಸಲ ಸಾಕು. ಒಂದೇ ದರ್ಜೆಯ ೭೦೦ ಪೆಟ್ಟಿಗೆ ಬೇಕಾದಾಗ ಆರ್ಡರು ಪಿಕ್ಕರಿಗೆ ಕೆಲಸವೇ ಇಲ್ಲ, ಫೋರ್ಕ್‌ಲಿಫ್ಟೇ ಸರಿ. ಆರು ದರ್ಜೆಗಳನ್ನು ಹೆಚ್ಚು ಕಡಮೆಯಾಗಿ ಕೂಡಿಸಿ ಕೇಳುವ ವ್ಯಾಪಾರಿಗಳು ಅನೇಕರಿದ್ದು, ಅಟ್ಟಣೆಗಳು ಮೂರು ನಾಲ್ಕು ಅಂತಸ್ತಿನವಾಗಿದ್ದರೆ ಮಾತ್ರ ಅದು ತನ್ನ ಬೆಲೆಯನ್ನು ಸಂಪಾದಿಸುವುದು. ಯಂತ್ರವನ್ನು ಮಾರುವವರು ಈ ಭೇದವನ್ನು ಹೇಳುವುದು ಕಡಮೆ. ಕೊಳ್ಳುವವರು ಒಂದು ತಿಂಗಳ ಇಂಡೆಂಟುಗಳನ್ನು ಮುಂದಿಟ್ಟುಕೊಂಡು ತಾವೇ ಎಣಿಸಿ ನೋಡುವುದು ಒಳ್ಳೆಯದು.

ಯಂತ್ರಕ್ಕೆ ಮೊದಲು ಆಗಬೇಕಾದುದು

ನಾಲ್ಕು ಅಂಗಗಳಲ್ಲಿ ಯಂತ್ರವು ಕಡಮೆ ಮಾಡುವುದು ನಡಿಗೆಯನ್ನೂ ಎತ್ತುವ ಶ್ರಮವನ್ನೂ ಮಾತ್ರ. ಹುಡುಕುವುದೂ ಪರೀಕ್ಷಿಸುವುದೂ ಕ್ರಮದಿಂದ ಸುಲಭವಾಗಬೇಕೇ ಹೊರತು ಯಂತ್ರದಿಂದಲ್ಲ. ಬೀಜದ ಹಳೆಯ ಚೀಲವನ್ನು ಎತ್ತಿಕೊಡುವ ತಪ್ಪು ಯಂತ್ರವಿದ್ದರೆ ಇನ್ನಷ್ಟು ಬೇಗ ಆಗುವುದು.

ಆದುದರಿಂದ ಮೊದಲು ಗೋದಾಮಿನ ನೆಲದ ಮೇಲೆ ಬಣ್ಣದ ಗೆರೆಗಳನ್ನು ಎಳೆದು ಒಂದೊಂದು ಅಟ್ಟಿಯ ಸ್ಥಳಕ್ಕೆ ಅಕ್ಷರವನ್ನೂ ಸಂಖ್ಯೆಯನ್ನೂ ಕೊಡಬೇಕು. ಗೋಡೆಗೂ ಅಟ್ಟಿಗೂ ನಡುವೆ ಒಬ್ಬನು ಸುತ್ತಿಬರುವಷ್ಟು, ಎಂದರೆ ಎರಡೂವರೆ ಮೂರು ಅಡಿ ಜಾಗವಿರಬೇಕು. ಗೋಡೆಗೆ ಆನಿಸಿದ ಅಟ್ಟಿಯ ಹಿಂಬದಿಯ ಚೀಲಗಳು ಎಂದಿಗೂ ಹೊರಗೆ ಬಾರದೆ ಮುರಕಲ್ಲಿನ ತೇವವನ್ನು ಹೀರಿ ಕೊಳೆಯುವುವು. ಹೊಸ ಲಾಟು ಬಂದಾಗ ಹಳೆಯದರ ಮುಂದೆ ಪೇರಿಸಲಾಗದು. ಒಂದು ಅಟ್ಟಿಯಲ್ಲಿ ಒಂದೇ ಲಾಟು ಎಂಬ ತಿರಿಯ ನಿಯಮವನ್ನೇ ಇಲ್ಲಿಯೂ ಅನುಸರಿಸತಕ್ಕದ್ದು. ಅಟ್ಟಿಯ ಎದುರಿಗೆ ಒಂದು ಚೀಟಿಯನ್ನು ತೂಗುಹಾಕಿ ಅದರಲ್ಲಿ ಸರಕು, ಲಾಟಿನ ಸಂಖ್ಯೆ, ಬಂದ ತಾರೀಖು, ಅವಧಿ ಮುಗಿಯುವ ತಾರೀಖು, ಬಂದ ಚೀಲ, ಹೋದ ಚೀಲ, ಉಳಿದ ಚೀಲ ಇಷ್ಟನ್ನು ಬರೆಯಬೇಕು. ಇಂಡೆಂಟಿನಲ್ಲಿಯೂ ಸರಕಿನ ಹೆಸರಿನ ಜೊತೆಗೆ ಸ್ಥಳದ ಅಕ್ಷರವನ್ನು ಗುಮಾಸ್ತನು ಬರೆದುಕೊಟ್ಟರೆ ಆಳಿಗೆ ಹುಡುಕುವ ಕೆಲಸವೇ ತಪ್ಪುವುದು. ಅಂಗಡಿಗಳ ಸರಕಿನ ಮೇಲೆ ೧೯೭೪ರಿಂದ ರೂಢಿಗೆ ಬಂದ ಬಾರ್‌ಕೋಡೆಂಬ ಗೆರೆಗುರುತನ್ನು ಈಗ ಫೋನಿನಿಂದಲೇ ಓದಬಹುದಾದರೂ, ಅದು ಚೀಟಿಯನ್ನು ಪರೀಕ್ಷಿಸುವುದೇ ಹೊರತು ಅಟ್ಟಿಯನ್ನು ಸರಿಪಡಿಸುವುದಿಲ್ಲ.

ಮೊದಲು ಬಂದುದು ಮೊದಲು ಹೋಗಬೇಕೆಂಬ ನಿಯಮವು ಅಕ್ಕಿಗೂ ಗೊಬ್ಬರಕ್ಕೂ ಸರಿ. ಬೀಜಕ್ಕೂ ಕೀಟನಾಶಕಕ್ಕೂ ಅದು ಸಾಲದು. ಜೂನಿನಲ್ಲಿ ಬಂದ ಔಷಧದ ಅವಧಿಯು ಏಪ್ರಿಲಿನಲ್ಲಿ ಬಂದುದಕ್ಕಿಂತ ಮುಂಚೆಯೇ ತೀರುವುದುಂಟು. ಅಲ್ಲಿ ಮೊದಲು ತೀರುವುದನ್ನೇ ಮೊದಲು ತೆಗೆಯಬೇಕು. ಅವಧಿ ತೀರಿದ ಚೀಲವನ್ನು ಅದೇ ಸಾಲಿನಲ್ಲಿ ಬಿಡದೆ ಬೇರೆ ಕೋಣೆಗೆ ಸಾಗಿಸಿ ಬೀಗ ಹಾಕಬೇಕು. ಬಿತ್ತನೆಯ ದಿನಗಳಲ್ಲಿ ಅತಿಯಾಗಿ ಕೇಳುವ ಎರಡು ಮೂರು ಸರಕುಗಳನ್ನು ಮೇ ಮಧ್ಯದಲ್ಲಿಯೇ ಬಾಗಿಲ ಹತ್ತಿರಕ್ಕೆ ತಂದಿಟ್ಟರೆ ನಡಿಗೆಯು ಯಂತ್ರವಿಲ್ಲದೆಯೇ ಅರ್ಧಕ್ಕೆ ಇಳಿಯಬಹುದು.

ಕಡಲಂಚಿನ ಗೋದಾಮಿನಲ್ಲಿ ಯಂತ್ರದ ಪಾಲನೆ

ಇಷ್ಟಾದ ಮೇಲೂ ಏರುವ ಯಂತ್ರವು ಬೇಕೆನಿಸಿದರೆ ಕಟ್ಟಡವನ್ನು ನೋಡಬೇಕು. ಈ ಸೀಮೆಯ ಹಳೆಯ ಗೋದಾಮುಗಳು ಮುರಕಲ್ಲಿನ ಗೋಡೆಯ, ಹಂಚಿನ ಮಾಡಿನ ಕಟ್ಟಡಗಳು; ಅಡ್ಡತೊಲೆಯ ಕೆಳಗೆ ಏರುವುದಕ್ಕೆ ಎಡೆಯೇ ಇರುವುದಿಲ್ಲ. ನೆಲವು ಒಂದು ಕಡೆ ಸ್ವಲ್ಪ ತಗ್ಗಿದ್ದರೂ ಕೆಳಗಿನ ಬೆರಳಗಲದ ವಾಲು ಮೇಲೆ ಗೇಣಗಲವಾಗುವುದರಿಂದ ಎತ್ತರದ ಯಂತ್ರಕ್ಕೆ ಅಪಾಯ. ಡೀಸೆಲಿನ ಯಂತ್ರವನ್ನು ಧಾನ್ಯವಿರುವ ಮುಚ್ಚಿದ ಕಟ್ಟಡದೊಳಗೆ ತರಬಾರದು. ಅದರ ಹೊಗೆಯು ಆಳಿಗೂ ಕೆಡುಕು, ಅಕ್ಕಿಗೂ ವಾಸನೆ. ಬ್ಯಾಟರಿಯನ್ನು ತುಂಬುವಾಗ ಜಲಜನಕವು ಹೊರಡುವುದರಿಂದ ಆ ಕೆಲಸವನ್ನು ಗಾಳಿಯಾಡುವ ಜಗಲಿಯಲ್ಲಿ, ಬೀಡಿ ಬೆಂಕಿಗಳಿಂದ ದೂರದಲ್ಲಿ ಮಾಡಬೇಕು.

ತ್ರಾಸಿ, ಮರವಂತೆಗಳಂತೆ ಹೆದ್ದಾರಿಯ ಮಗ್ಗುಲಲ್ಲೇ ಕಡಲಿರುವ ಊರುಗಳಲ್ಲಿ ಉಪ್ಪಿನ ಗಾಳಿಯು ಕಬ್ಬಿಣವನ್ನು ಬಿಡುವುದಿಲ್ಲ. ಎತ್ತುವ ಸರಪಣಿಗೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆ ಹಚ್ಚಿ, ಕೊಂಡಿಗಳು ಸವೆದಿವೆಯೇ ಎಂದು ನೋಡಬೇಕು; ವರ್ಷಕ್ಕೊಮ್ಮೆಯಾದರೂ ತಿಳಿದವರಿಂದ ಪೂರ್ತಿಯಾಗಿ ಪರೀಕ್ಷೆ ಮಾಡಿಸಬೇಕು. ಹುಳುಗಳನ್ನು ಕೊಲ್ಲಲು ಅಟ್ಟಿಗೆ ಹೊದಿಕೆ ಮುಚ್ಚಿ ಅಲ್ಯೂಮಿನಿಯಂ ಫಾಸ್ಫೈಡಿನ ಅನಿಲವನ್ನು ಬಿಡುವಾಗ, ಹೊದಿಕೆ ತೆಗೆಯುವವರೆಗಿನ ಐದಾರು ಏಳು ದಿನ ಆ ಅಟ್ಟಿಯಿಂದ ಒಂದು ಚೀಲವನ್ನೂ ಆಯುವಂತಿಲ್ಲ. ಚೀಟಿಯ ಮೇಲೆ ಕೆಂಪು ಶಾಯಿಯಿಂದ ಅದನ್ನು ಬರೆದು, ಆ ದಿನಗಳಿಗೆ ಬೇಕಾಗುವಷ್ಟನ್ನು ಮುಂಚಿತವಾಗಿಯೇ ಬೇರೆ ತೆಗೆದಿಡಬೇಕು. ಆ ಅನಿಲವು ತಾಮ್ರವನ್ನು ತಿನ್ನುವ ಸ್ವಭಾವದ್ದಾದುದರಿಂದ ಮೋಟಾರು, ತಂತಿ, ಬ್ಯಾಟರಿಗಳಿರುವ ಯಂತ್ರವನ್ನು ಔಷಧವಿಡುವುದಕ್ಕೆ ಮೊದಲೇ ಹೊರಗಿನ ಜಗಲಿಗೆ ತಂದು ನಿಲ್ಲಿಸಿ, ಗೋದಾಮಿಗೆ ಚೆನ್ನಾಗಿ ಗಾಳಿಯಾಡಿಸಿದ ತರುವಾಯವೇ ಒಳಕ್ಕೆ ಕೊಂಡುಹೋಗತಕ್ಕದ್ದು.